ಬಾದಾಮಿ ಬೆಟ್ಟದಲ್ಲಿ ಹಿಮ

ಜನವರಿಯ ಒಂದು ಬೆಳಿಗ್ಗೆ ಕುಷ್ಟಗಿಯ ಮನೆಗೆ ಬೀಗ ಹಾಕಿ ಅವ್ವ ಮತ್ತು ನಾನು ಹೊರಟಾಗ, ನಮ್ಮ ಸಾಮಾನಿನಲ್ಲಿ ಎಲ್ಲಕ್ಕಿಂತ ಭಾರವಾಗಿದ್ದದ್ದು ನಮ್ಮದಲ್ಲದ ಒಂದು ಕಂಬಳಿ. ಕರಿ ಕುರಿಯ ಉಣ್ಣೆಯದು. ಹುಣಸೆಬೀಜದ ಗಂಜಿ ಹಾಕಿ ಗಟ್ಟಿ ಮಾಡಿದ್ದರಿಂದ ಎಷ್ಟು ಸಲ ಮಡಿಸಿದರೂ ಎದ್ದು ಕೂರುತ್ತಿತ್ತು. ಹಿಂದಿನ ದಿನ ಯಲಬುರ್ಗಾ ಕಡೆಯ ಒಂದು ಹಳ್ಳಿಯಿಂದ ಗಂಗವ್ವ ಎಂಬ ಹೆಣ್ಣುಮಗಳು ಅದನ್ನು ತಲೆಯ ಮೇಲೆ ಹೊತ್ತು, ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಸ್ಸಿಗೆ ಬಂದು ಕೊಟ್ಟು ಹೋಗಿದ್ದಳು.

ಅವಳ ಗಂಡ ಹನುಮಪ್ಪ ಸೌದಿ ಅರೇಬಿಯಾದ ತಬೂಕ್ ಎಂಬಲ್ಲಿ ಕುರಿ ಕಾಯುತ್ತಾನೆ. ನನ್ನ ತಮ್ಮ ರಾಜಾಸಾಬ ಅದೇ ಊರಿನಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಮರುಭೂಮಿಯ ಕುರಿಹಟ್ಟಿಗಳಿಗೆ ನೀರು ಹಾಕಲು ಹೋದಾಗ, ಯಾರೋ ಕುರಿಗೆ "ನಿನ್ನ ಬಾಯಾಗ ಮಣ್ಣ ಹಾಕ" ಎಂದು ಬೈಯುವುದು ಕೇಳಿ ಬ್ರೇಕ್ ಒತ್ತಿದನಂತೆ. ಹಾಗೆ ಪರಿಚಯ. ನಾವು ಉಮ್ರಾ ಯಾತ್ರೆಗೆ ಹೊರಟಿದ್ದೆವು, ಅದು ಮುಗಿದ ಮೇಲೆ ತಮ್ಮನನ್ನು ನೋಡಲು ತಬೂಕಿಗೂ ಹೋಗುವವರಿದ್ದೆವು. ಆ ಸುದ್ದಿ ಹನುಮಪ್ಪನಿಂದ ಗಂಗವ್ವನಿಗೆ ತಲುಪಿತ್ತು.

"ಅಲ್ಲಿ ಕೊಡೂ ರಗ್ಗು ಒಂದ ಸಲ ತೊಯ್ದ್ರ ಮುಗೀತಂತ್ರಿ," ಎಂದಳು ಗಂಗವ್ವ. "ಈ ಸಲ ಕುರಿ ಈಯೂದು ಮುಗದ ಮ್ಯಾಲೆ ರಜಾ ಕೊಡ್ತೀನಿ ಅಂದಾನಂತ ಮಾಲಕ. ಮರಿ ಉಳದ್ರ ಬರ್ತಾರ, ಇಲ್ಲಂದ್ರ ಮತ್ತ ಬರೂ ವರ್ಷ. ಇದು ಹೊಟ್ಟ್ಯಾಗಿದ್ದಾಗ ಹೋದವರು. ಇದಕ್ಕ ಅಪ್ಪ ಅಂದ್ರ ಮೊಬೈಲ್ ಅಂತ ತಿಳದೈತ್ರಿ. ಚಾರ್ಜಿಗೆ ಹಾಕಿದ್ರ ಅಪ್ಪ ಉಣ್ಣಾಕ ಹತ್ಯಾನ ಅಂತೈತಿ."

ಅವಳು ನಗುತ್ತಲೇ ಹೇಳಿದಳು ಎಂದು ನನ್ನ ನೆನಪು. ಅಳುತ್ತಿದ್ದಳು ಎಂದು ಅವ್ವ ಹೇಳುತ್ತಾಳೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಒಂದೇ ಘಟನೆಗೆ ಇಬ್ಬರು ಸಾಕ್ಷಿಗಳಿದ್ದರೆ ಎರಡು ಘಟನೆಗಳಾಗುತ್ತವೆ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಹಾಗಾಗಿ ಈ ಪ್ರಯಾಣದಲ್ಲಿ ದಿನವೂ ಸಂಜೆ ಬರೆದಿಡಬೇಕೆಂದು ನಿಶ್ಚಯಿಸಿದ್ದೆ. ಬರೆದಿಟ್ಟದ್ದೂ ನನ್ನ ಕಣ್ಣಿನದೇ ಎಂಬುದು ಬೇರೆ ಮಾತು.

ಕುಷ್ಟಗಿಯಿಂದ ಗಂಗಾವತಿಗೆ ಎರಡು ತಾಸಿನ ಬಸ್ ದಾರಿ. ತಾವರಗೇರಾ ದಾಟುವವರೆಗೆ ಕಡಲೆ ಮತ್ತು ಬಿಳಿಜೋಳ, ಒಣಗಾಳಿ. ಆಮೇಲೆ ಎಲ್ಲೋ ಒಂದು ಕಡೆ ಗೆರೆ ಎಳೆದಂತೆ ನೆಲ ಹಸಿರಾಗುತ್ತದೆ. ಬೇಸಿಗೆ ಬೆಳೆಗೆ ಭತ್ತದ ನಾಟಿ ನಡೆದಿತ್ತು, ಗದ್ದೆಗಳಲ್ಲಿ ನೀರು ನಿಂತಿತ್ತು. ಅವ್ವನ ತವರು ನವಲಿಯ ಹತ್ತಿರ. ಈ ಗೆರೆ ದಾಟಿದ ಕೂಡಲೇ ಅವಳ ಗತ್ತೇ ಬದಲಾಗುತ್ತದೆ. ಕಿಟಕಿಯಿಂದ ಹೊರಗೆ ನೋಡುತ್ತ, "ನಿಮ್ಮಪ್ಪನ ಊರಾಗ ನೀರು ಅಂದ್ರ ಪಂಚಾಯ್ತಿ ನಳ," ಎಂದಳು. ಈ ಮಾತನ್ನು ಅವಳು ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದಾಳೆ.

ಗಂಗಾವತಿಯಿಂದ ಹೈದರಾಬಾದಿಗೆ ಸ್ಲೀಪರ್ ಬಸ್ಸು. ವಿಮಾನ ನಿಲ್ದಾಣದಲ್ಲಿ ಕಂಬಳಿಯನ್ನು ಯಂತ್ರದೊಳಗೆ ಎರಡು ಸಲ ಕಳಿಸಿದರು. ಸಮವಸ್ತ್ರದವನೊಬ್ಬ ಮೂಗಿನ ಹತ್ತಿರ ತಂದು ಹಿಂದಕ್ಕೆ ಸರಿದು, ಏನಿದು ಎಂದು ಹಿಂದಿಯಲ್ಲಿ ಕೇಳಿದ. ನಮ್ಮದು ಹತ್ತಿ ಹಿಂಜುವ ಪಿಂಜಾರರ ಮನೆ, ಮನೆಯ ಮಾತು ಕನ್ನಡವೇ. ಅವ್ವ ಕನ್ನಡದಲ್ಲೇ, "ಕುರಿ ಉಣ್ಣಿ ಐತ್ರಿ ಸಾಹೇಬ್ರ, ಒಳಗ ಕುರಿ ಇಲ್ಲ," ಎಂದಳು. ಅವನಿಗೆ ಏನು ತಿಳಿಯಿತೋ, ಬಿಟ್ಟ.

ಮಕ್ಕಾ, ಮದೀನಾದ ದಿನಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅದು ಅವ್ವನ ಯಾತ್ರೆ, ನಾನು ಜೊತೆಗಿದ್ದವಳು.

ಮದೀನಾದಿಂದ ತಬೂಕಿಗೆ ಸುಮಾರು ಏಳುನೂರು ಕಿಲೋಮೀಟರ್. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಇಳಿಯಬಹುದು. ದಾರಿಯುದ್ದಕ್ಕೂ ಬಯಲು, ಕರಿಕಲ್ಲಿನ ಗುಡ್ಡ, ಮತ್ತೆ ಬಯಲು. ಆನೆಗೊಂದಿಯ ಬಂಡೆಗಳ ನಡುವೆ ಓಡಾಡಿದ ಕಣ್ಣಿಗೆ ಕಲ್ಲು ಹೊಸದಲ್ಲ, ಆದರೆ ಒಂದು ಗಿಡವೂ ಇಲ್ಲದ ಕಲ್ಲು ಹೊಸದು. ನಡುವೆ ಊಟಕ್ಕೆ ನಿಲ್ಲಿಸಿದರು. ದೊಡ್ಡ ತಟ್ಟೆಯಲ್ಲಿ ಅನ್ನ, ಅದರ ಮೇಲೆ ಕುರಿಮಾಂಸದ ದೊಡ್ಡ ತುಂಡು. ಅವ್ವ ಒಂದು ಅಗುಳನ್ನು ಬೆರಳ ಮೇಲಿಟ್ಟು ನೋಡಿ, "ಇದು ಅಕ್ಕಿ ಅಲ್ಲ, ಶ್ಯಾವಿಗಿ," ಎಂದಳು. ಗಂಗಾವತಿಯ ಸೋನಾ ಮಸೂರಿ ಬಿಟ್ಟು ಬೇರೆ ಅಕ್ಕಿಯನ್ನು ಅವಳು ಅಕ್ಕಿಯೆಂದು ಒಪ್ಪುವವಳಲ್ಲ. ಆದರೆ ತಟ್ಟೆ ಖಾಲಿ ಮಾಡಿದಳು.

ತಬೂಕಿನಲ್ಲಿ ಇಳಿದಾಗ ಉಸಿರು ಹೊಗೆಯಾಗಿ ಬರುತ್ತಿತ್ತು. ರಾಜಾಸಾಬ ದಪ್ಪ ಜಾಕೆಟ್ ಹಾಕಿ, ಕಿವಿಗೆ ಕೆಂಪು ಚೌಕಡಿಯ ವಸ್ತ್ರ ಸುತ್ತಿಕೊಂಡು ನಿಂತಿದ್ದ. ಅವ್ವ ಅವನನ್ನು ದಾಟಿ ಮುಂದೆ ಹೋಗಿಬಿಟ್ಟಳು. "ಅವ್ವಾ, ನಾನs ಇಲ್ಲಿ," ಎಂದು ಕೂಗಿದ ಮೇಲೆ ತಿರುಗಿ, ಮೊದಲು ಅವನ ಜಾಕೆಟ್ಟಿನ ಬಟ್ಟೆಯನ್ನು ಹಿಡಿದು ನೋಡಿದಳು. ಒಳಗೆ ತುಂಬಿದ್ದು ಹತ್ತಿಯಲ್ಲ ಎಂದು ಗೊತ್ತಾಗಿ ಮುಖ ಸಣ್ಣದು ಮಾಡಿದಳು. ಅಪ್ಪ ಗಾದಿ ತುಂಬುತ್ತಿದ್ದವರು.

ಅವನ ಜೊತೆ ಕೆಲಸ ಮಾಡುವ ಒಬ್ಬ ಕೇರಳದವರ ಮನೆಯಲ್ಲಿ ನಮಗೊಂದು ಕೋಣೆ ಸಿಕ್ಕಿತ್ತು. ರಾತ್ರಿ ಊಟಕ್ಕೆ ಕೂತಾಗ ರಾಜಾಸಾಬ ಹೇಳಿದ: ಈ ವರ್ಷದ ಛಳಿ ಯಾವ ವರ್ಷದ ಹಾಗೂ ಇಲ್ಲ, ಟ್ಯಾಂಕರಿನ ನಳದಲ್ಲಿ ಬೆಳಿಗ್ಗೆ ನೀರು ಕಲ್ಲಾಗಿರುತ್ತದೆ, ಬೆಟ್ಟದ ಕಡೆ ಹಿಮ ಬೀಳುವ ಸೂಚನೆ ಇದೆ.

"ಯಾವ ಬೆಟ್ಟ?" ಎಂದಳು ಅವ್ವ.

"ಜಬಲ್ ಅಲ್ ಲೌಜ್ ಅಂತ. ಲೌಜ್ ಅಂದ್ರ ಬಾದಾಮಿ."

"ಬಾದಾಮಿ ಬೆಟ್ಟ? ಅದನ್ನ ನೋಡಾಕ ಇಷ್ಟು ದೂರ ಬರಬೇಕಿತ್ತೇನು? ಕುಷ್ಟಗಿಯಿಂದ ಎರಡು ಬಸ್ ಹತ್ತಿದ್ರ ಬಾದಾಮಿ."

ಹನುಮಪ್ಪನ ಹಟ್ಟಿ ಆ ಬೆಟ್ಟದ ಬುಡದ ಕಡೆಗೇ ಇತ್ತು. ಕುರಿಗಳು ಈಯಲು ಶುರುವಾಗಿದ್ದವು. ಕಂಬಳಿಯನ್ನು ಎರಡು ದಿನ ಬಿಟ್ಟು, ನೀರಿನ ಪಾಳಿ ಬಂದಾಗ ಒಯ್ದು ಕೊಡುವುದೆಂದು ಮಾತಾಯಿತು.

ಮರುದಿನ ಮಧ್ಯಾಹ್ನದಿಂದ ತಬೂಕಿನಲ್ಲಿ ಮೋಡ ಮುಚ್ಚಿ ಸಣ್ಣ ಮಳೆ ಶುರುವಾಯಿತು. ಅದರ ಮರುದಿನ ಎದ್ದಾಗ ಎಲ್ಲರ ಮೊಬೈಲಿನಲ್ಲೂ ಬಿಳಿ ಬೆಟ್ಟ. ಒಂಟೆಯೊಂದರ ಬೆನ್ನ ಮೇಲೆ ಹಿಮ ಕೂತಿತ್ತು, ಅದು ಏನೂ ಆಗಿಲ್ಲವೆಂಬಂತೆ ಮೆಲುಕು ಹಾಕುತ್ತಿತ್ತು. ರಾಜಾಸಾಬ ಹನುಮಪ್ಪನಿಗೆ ಫೋನ್ ಹಚ್ಚಿದ. ಹತ್ತಲಿಲ್ಲ. ಬೆಳಗಿನ ಚಹಾ ಮುಗಿಯುವಷ್ಟರಲ್ಲಿ ಮತ್ತೆ ನಾಲ್ಕಾರು ಸಲ ಹಚ್ಚಿದ. ಆಮೇಲೆ ಕೇರಳದವರ ಪಿಕಪ್ ಗಾಡಿ ಕೇಳಿಕೊಂಡು, ಹಿಂದೆ ಬಾರ್ಲಿಯ ಚೀಲ ಹೇರಿ, "ನೀವು ಮನ್ಯಾಗ ಇರ್ರಿ," ಎಂದ.

"ಕಂಬಳಿ ನನ್ನ ಕೈಯಾಗ ಕೊಟ್ಟಾಳ," ಎಂದು ಅವ್ವ ಮುಂದಿನ ಸೀಟಿನಲ್ಲಿ ಕೂತಳು.

ಎರಡೂವರೆ ತಾಸಿನ ದಾರಿ. ಒಂದು ಹಂತದವರೆಗೆ ಕೆಂಪು ಮರಳು, ತೊಯ್ದು ಇಟ್ಟಂಗಿ ಬಣ್ಣಕ್ಕೆ ತಿರುಗಿದ್ದು. ಆಮೇಲೆ ಕಲ್ಲುಗಳ ನೆತ್ತಿಯ ಮೇಲಷ್ಟೇ ಬಿಳಿ. ಆಮೇಲೆ ಎಲ್ಲವೂ ಬಿಳಿ. ಅದಕ್ಕೆ ಏನೆನ್ನಬೇಕೆಂದು ನನಗೆ ತಿಳಿಯಲಿಲ್ಲ. ಹಿಮ ಎಂಬುದು ಪಠ್ಯಪುಸ್ತಕದ ಮಾತು. ಮಂಜು ಎಂದರೆ ನವಲಿಯ ಗದ್ದೆಯ ಮೇಲೆ ಬೆಳಗಿನ ಜಾವ ನಿಲ್ಲುವುದು. ಬರ್ಫ ಎಂದರೆ ಕಬ್ಬಿನ ಹಾಲಿಗೆ ಹಾಕುವುದು. ನಮ್ಮ ಕಡೆ ಆಕಾಶದಿಂದ ಬಿಳಿಯದೇನಾದರೂ ಬಿದ್ದರೆ ಅದು ಆಣೆಕಲ್ಲು, ಬಿದ್ದ ಸದ್ದಿಗೆ ಎಲ್ಲರೂ ಒಳಗೆ ಓಡುತ್ತೇವೆ. ಇದಕ್ಕೆ ಸದ್ದೇ ಇರಲಿಲ್ಲ. ಅವ್ವ ಗಾಜು ಇಳಿಸಿ ಕೈ ಚಾಚಿ ಒಂದಿಷ್ಟು ಹಿಡಿದಳು. ಅಂಗೈಯಲ್ಲಿ ತಿಕ್ಕಿ ನೋಡಿ, "ಹಿಂಜಿದ ಅರಳಿ ಹಂಗ ಐತಿ. ಆದ್ರ ನಿಮ್ಮಪ್ಪ ಬಿಲ್ಲಿಲೆ ಹಿಂಜಿದ್ದಲ್ಲ, ಮಶೀನಿಂದು," ಎಂದಳು.

ಬೆಟ್ಟದ ದಾರಿಯಲ್ಲಿ ಜಾತ್ರೆಯಷ್ಟು ಕಾರುಗಳಿದ್ದವು. ಬಿಳಿ ನಿಲುವಂಗಿಯ ಮೇಲೆ ಕುರಿದೊಗಲಿನ ಕೋಟು ತೊಟ್ಟ ಗಂಡಸರು, ಮಕ್ಕಳು, ಹೆಂಗಸರು, ಬೆಂಕಿ, ಚಹಾ. ಯಾರೋ ಹಿಮದಿಂದ ಮನುಷ್ಯನನ್ನು ಮಾಡಿ ತಲೆಗೆ ಅರಬರ ಕರಿಹಗ್ಗದ ಪಟ್ಟಿ ಹಾಕಿದ್ದರು. ಗುರುತಿಲ್ಲದ ಒಬ್ಬಾತ ಅವ್ವನಿಗೆ ಸಣ್ಣ ಬಟ್ಟಲಿನಲ್ಲಿ ಕಾಫಿ, ಎರಡು ಖರ್ಜೂರ ಕೊಟ್ಟ. ಆ ಹೊತ್ತು ಬಹಳ ಮೌನವಾಗಿತ್ತು, ಬಿಳಿಯೊಂದೇ ಇತ್ತು ಎಂದು ಆ ಸಂಜೆ ಬರೆದುಕೊಂಡಿದ್ದೇನೆ. ಆದರೆ ನಾನೇ ತೆಗೆದ ವಿಡಿಯೋದಲ್ಲಿ ಹಾರ್ನು, ಹಾಡು, ಜನರೇಟರಿನ ಸದ್ದು ಎಲ್ಲ ಇದೆ. ಮೌನ ಎಲ್ಲಿಂದ ಬಂತೋ ತಿಳಿಯದು.

ಅಲ್ಲಿಂದ ಹಿಂದಕ್ಕೆ ಇಳಿದು, ಡಾಂಬರು ಬಿಟ್ಟು, ಕಲ್ಲಿನ ಜಾಡಿನಲ್ಲಿ ಹೋದೆವು. ಎರಡು ಎತ್ತರದ ದಂಡೆಗಳ ನಡುವೆ ಮರಳಿನ ಅಗಲವಾದ ಪಾತ್ರ. ಹಳ್ಳ. "ಇಲ್ಲಿ ಇದಕ್ಕ ವಾದಿ ಅಂತಾರ," ಎಂದ ರಾಜಾಸಾಬ. "ಹಂಗಾರ ಪ್ರತಿವಾದಿ ಎಲ್ಲದಾನ?" ಎಂದಳು ಅವ್ವ. ಹೊಲದ ಕೇಸೊಂದರಲ್ಲಿ ಅಪ್ಪನ ಜೊತೆ ಕೊಪ್ಪಳದ ಕೋರ್ಟಿಗೆ ಅಲೆದವಳು.

ಹಳ್ಳದ ನಡುವೆಯೇ ಹನುಮಪ್ಪನ ಹಟ್ಟಿ ಇತ್ತು. ದಂಡೆಗಳ ಮೇಲೆ ಹಿಮ ತೆಳ್ಳಗೆ ಕೂತಿತ್ತು, ಕೆಳಗೆ ಮರಳು ಬರಿದೇ ಇತ್ತು. ಗಾಳಿ ನಮ್ಮ ತಲೆಯ ಮೇಲಿಂದ ಹಾದು ಹೋಗುತ್ತಿತ್ತು. ತಂತಿಬಲೆಯ ಆವರಣದಲ್ಲಿ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಪಕ್ಕದಲ್ಲಿ ತಾಡಪತ್ರಿಯ ಗುಡಾರ, ಅದರೊಳಗೆ ಆ ವಾರ ಹುಟ್ಟಿದ ಮರಿಗಳು. ಗೋಣಿಚೀಲವನ್ನು ಕೊಪ್ಪೆಯ ಹಾಗೆ ತಲೆಗೆ ಹಾಕಿಕೊಂಡ ಗಿಡ್ಡ ಮನುಷ್ಯನೊಬ್ಬ ಹೊರಗೆ ಬಂದ.

"ಬರ್ರಿ ಅವ್ವಾರ, ಬರ್ರಿ ಮೇಡಮ್ಮಾರ. ಕುಂದ್ರಾಕ ಕುರ್ಚಿ ಇಲ್ಲ, ಕುರಿ ಅದಾವು."

"ಫೋನ್ ಯಾಕ ಎತ್ತಲಿಲ್ಲೋ ಮಾರಾಯ?" ಎಂದ ರಾಜಾಸಾಬ.

"ಥಂಡಿಗೆ ಅದೂ ಸತ್ತೈತಿ. ಮರಿ ಜೋಡಿ ಮಲಗಿಸೀನಿ, ಎದ್ದ್ರ ಏಳ್ಲಿ."

ಫೋನು ನಿಜಕ್ಕೂ ಮರಿಗಳ ನಡುವೆ ಇತ್ತು. ಕಂಬಳಿ ಕೊಟ್ಟೆವು. ಅವನು ಅದನ್ನು ಬಿಚ್ಚಲಿಲ್ಲ, ಮುಖಕ್ಕೆ ಒತ್ತಿ ಹಿಡಿದ. ಆಮೇಲೆ ಬಿಚ್ಚಿ ಮರಿಗಳ ಮೇಲೆ ಹೊದಿಸಿದ.

"ನಿನಗ ಅಂತ ಕೊಟ್ಟಾಳ, ಮರಿಗಲ್ಲ," ಎಂದಳು ಅವ್ವ.

"ಇವು ಉಳದ್ರs ನಾನು ಊರಿಗೆ ಅವ್ವಾರ. ಇವು ನನ್ನ ಟಿಕೇಟು ಇದ್ದಂಗ."

ಚಹಾ ಮಾಡಿದ. ಮೋಡ ಹರಿಯುತ್ತಿತ್ತು, ಪಶ್ಚಿಮಕ್ಕೆ ಸಣ್ಣ ನೀಲಿ ತುಂಡು ಕಾಣಿಸಿತು. ಹಳ್ಳದ ಮೇಲ್ಗಡೆಗೆ ಬೆಟ್ಟದ ಸಾಲು ಪೂರ್ತಿ ಬಿಳಿಯಾಗಿತ್ತು. ಅವ್ವ ಲೋಟ ಹಿಡಿದು ಅದನ್ನೇ ನೋಡುತ್ತಿದ್ದವಳು ಕೇಳಿದಳು: "ಹನುಮಪ್ಪ, ಅದೆಲ್ಲಾ ಎಲ್ಲಿಗೆ ಹೊಕ್ಕತಿ?"

"ಯಾವುದ್ರಿ?"

"ಆ ಬೆಳ್ಳಂದು."

"ಎಲ್ಲಿ ಹೊಕ್ಕತ್ರಿ. ಕರಗತೈತಿ."

"ಕರಗಿ ಎಲ್ಲಿಗೆ ಹೊಕ್ಕತಿ?"

ಹನುಮಪ್ಪ ನಕ್ಕ. "ಯವ್ವಾ, ಹಳ್ಳ ಬರತೈತಿ ಅಂತೀರೇನು? ಛಳಿಗಾಲದಾಗ ಹಳ್ಳ ಬಂದದ್ದು ಎಲ್ಲ್ಯರ ಕೇಳೀರೇನು? ನಮ್ಮಪ್ಪ, ನಮ್ಮಜ್ಜ, ಎಲ್ಲಾರೂ ಛಳಿಗೆ ಹಳ್ಳದಾಗs ಹಟ್ಟಿ ಹಾಕಿದವರು. ಗಾಳಿ ಬಡಿಯೂದಿಲ್ಲ, ಮರಳು ಬೆಚ್ಚಗಿರತೈತಿ."

"ನಿಮ್ಮ ಯಲಬುರ್ಗಾದಾಗ ಮಳಿಗಾಲದಾಗs ಹಳ್ಳ ಬರೂದಿಲ್ಲ. ನೀ ಏನ್ ಛಳಿಗಾಲದ್ದು ಹೇಳ್ತಿ!"

ರಾಜಾಸಾಬ ಚಹಾ ನೆತ್ತಿಗೇರಿಸಿಕೊಂಡು ಕೆಮ್ಮಿದ. ಅವ್ವ ಮುಂದುವರಿಸಿದಳು. ಅವಳ ಊರಿನಲ್ಲಿ ನೀರು ಬರಲು ತಲೆಯ ಮೇಲೆ ಮೋಡ ಇರಬೇಕೆಂದಿಲ್ಲ. ಎಲ್ಲೋ ದೂರದಲ್ಲಿ ಗೇಟು ಎತ್ತುತ್ತಾರೆ, ಸುಡುಬಿಸಿಲಿನಲ್ಲಿ ಒಣ ಕಾಲುವೆಗೆ ನೀರು ಬರುತ್ತದೆ. ಹುಡುಗಿಯಾಗಿದ್ದಾಗ ಕಾಲುವೆಯ ತಳದ ಗುಂಡಿಯಲ್ಲಿ ಬಟ್ಟೆ ಒಗೆಯುತ್ತ ಕೂತಿದ್ದಳು, ಗೆಳತಿ ಕೂಗಿದ್ದಕ್ಕೆ ಎದ್ದು ಓಡಿದಳು, ಬಟ್ಟೆಗಳೆಲ್ಲ ತೇಲಿ ಹೋದವು. ಈ ಕತೆ ನನಗೆ ಗೊತ್ತಿತ್ತು. ಮೊದಲು ಹೇಳುವಾಗ ಹೋದದ್ದು ಒಂದು ಲಂಗ, ಈಗ ಮನೆಯವರೆಲ್ಲರ ಬಟ್ಟೆ.

"ಇಲ್ಲಿ ಗೇಟು ಎತ್ತಾವರು ಯಾರ್ರೀ?" ಎಂದ ಹನುಮಪ್ಪ.

"ನಾಳೆ ಬಿಸಲ ಬೀಳ್ಲಿ. ಅದs ಎತ್ತತೈತಿ."

ಆಮೇಲೆ ಯಾರೂ ನಗಲಿಲ್ಲ. ಹನುಮಪ್ಪ ಮೆಲ್ಲಗೆ, "ಮ್ಯಾಲೆ ಒಯ್ಯೂದಂದ್ರ ಸಸಾರ ಅಲ್ಲ ಅವ್ವಾರ," ಎಂದ. "ನಿನ್ನೆ ಮೊನ್ನೆ ಹುಟ್ಟಿದವು ಅದಾವು. ಗಾಳಿಗೆ ಹಿಡದ್ರ ನಾಕರ ಸಾಯ್ತಾವು. ಅವು ಸತ್ತು, ಹಳ್ಳ ಬರಲಿಲ್ಲಂದ್ರ? ಮಾಲಕಗ ಏನ್ ಹೇಳ್ಲಿ? ಕುಷ್ಟಗಿಯಿಂದ ಒಬ್ಬಾಕಿ ಅವ್ವ ಬಂದು ಹೇಳಿದ್ಲು ಅಂತ ಹೇಳ್ಲೇನು?"

"ಹೇಳು."

"ಹೇಳಿದ್ರ ನಗ್ತಾನ. ನಕ್ಕು, ಮುಂದಿನ ವರ್ಷ ನೋಡೂಣು ಅಂತಾನ."

ಎರಡೂ ಕಡೆ ಅವನ ರಜೆಯೇ ಪಣಕ್ಕಿತ್ತು. ಹಿಮ ಎಷ್ಟು ಬಿದ್ದರೆ ಎಷ್ಟು ನೀರು, ಎಷ್ಟು ಹೊತ್ತಿಗೆ ಕರಗುತ್ತದೆ, ಮರಳು ಎಷ್ಟು ಕುಡಿಯುತ್ತದೆ, ಒಂದೂ ಗೊತ್ತಿರಲಿಲ್ಲ. ಅವ್ವನಿಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಕಾಲುವೆ, ಇದು ಕಾಲುವೆಯಲ್ಲ.

ಮುಂದೆ ಏನಾಯಿತೆಂಬುದರ ಬಗ್ಗೆ ನಮ್ಮಲ್ಲಿ ಒಮ್ಮತವಿಲ್ಲ. ಹನುಮಪ್ಪ ಕೂತಲ್ಲಿಂದ ಎದ್ದು ನೇರ ಗುಡಾರದೊಳಗೆ ಹೋಗಿ, ಎರಡು ಮರಿಗಳನ್ನು ಹೊತ್ತು ಹೊರಗೆ ಬಂದದ್ದನ್ನು ನಾನು ನೋಡಿದೆ. ಅದಕ್ಕೂ ಮೊದಲು ಅವನು ತನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮವ್ವನ ಮಾತು ಎಷ್ಟು ಸಲ ಖರೇ ಆಕ್ಕತಿ?" ಎಂದು ಕೇಳಿದನೆಂದೂ, ತಾನು "ಅರ್ಧ ಸಲ" ಎಂದೆನೆಂದೂ ರಾಜಾಸಾಬ ಹೇಳುತ್ತಾನೆ.

ಕತ್ತಲಾಗುವ ಮೊದಲು ಎಲ್ಲ ಮುಗಿಯಬೇಕಿತ್ತು. ದಂಡೆಯ ಮೇಲೆ ಒಂದಷ್ಟು ಏರಿದರೆ ಬಂಡೆಯೊಂದರ ಮರೆ ಇತ್ತು. ರಾಜಾಸಾಬ ಪಿಕಪ್ಪನ್ನು ಸುತ್ತಿ ತಂದು ಗಾಳಿಗೆ ಅಡ್ಡ ನಿಲ್ಲಿಸಿದ, ಅದಕ್ಕೆ ತಾಡಪತ್ರಿ ಕಟ್ಟಿದೆವು. ದೊಡ್ಡ ಕುರಿಗಳನ್ನು ಹನುಮಪ್ಪ ನಾಲಿಗೆಯಿಂದ ಸದ್ದು ಮಾಡುತ್ತ ಏರಿಸಿದ. ಮರಿಗಳನ್ನು ನಾವು ಹೊತ್ತೆವು. ನಾನು ಸ್ವೆಟರಿನೊಳಗೆ ಒಂದನ್ನು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಏರುವಾಗ ಕಾಲು ಜಾರಿ ಮಂಡಿ ತರಚಿತು. ಹಿಮ ತುಳಿದರೆ ಉಪ್ಪಿನ ಮೇಲೆ ನಡೆದ ಸದ್ದು. ಗಾಳಿ ಎಷ್ಟಿತ್ತೆಂದರೆ ಮಾತಾಡಿದರೆ ಹಲ್ಲು ನೋಯುತ್ತಿದ್ದವು. ಅವ್ವನಿಗೆ ಏರಲು ಆಗಲಿಲ್ಲ. ಗಾಡಿಯ ಒಳಗೆ ಹೀಟರ್ ಹಾಕಿಕೊಂಡು, ನಾವು ತಂದು ಕೊಟ್ಟ ಮರಿಗಳನ್ನು ಕಂಬಳಿಯಲ್ಲಿ ಸುತ್ತಿ ಕಾಲ ಮೇಲೆ ಇಟ್ಟುಕೊಂಡು, ಬಿಸಿಯಾದವನ್ನು ಒಂದೊಂದಾಗಿ ತಾಯಿಯ ಹತ್ತಿರ ಕಳಿಸಿದಳು. ಸೀಟಿನ ಮೇಲೆ ಆದ ಹೊಲಸಿಗೆ ಕೇರಳದವರು ಆಮೇಲೆ ಏನೂ ಅನ್ನಲಿಲ್ಲ.

ಗಾಡಿ ಅಲ್ಲೇ ಬಿಟ್ಟು, ಸಂಜೆ ಅಲ್ಲಿಂದ ಇಳಿಯುತ್ತಿದ್ದ ಬೇರೆ ಹಟ್ಟಿಯ ಸೂಡಾನಿ ಚಾಲಕನೊಬ್ಬನ ಲಾರಿಯಲ್ಲಿ ಹತ್ತಿರದ ಊರಿಗೆ ಬಂದು ಒಂದು ಸಣ್ಣ ಹೋಟೆಲಿನಲ್ಲಿ ಉಳಿದೆವು. ಹನುಮಪ್ಪ ಬರಲಿಲ್ಲ. ಹೊರಡುವ ಹೊತ್ತಿಗೆ ಆಗಲೇ ಒಂದು ಮರಿ ಕಾಲು ಚಾಚಿತ್ತು. ಅವನು ಅದನ್ನು ಎತ್ತಿ ಪಕ್ಕಕ್ಕೆ ಇಟ್ಟ. ಅವ್ವನ ಕಡೆ ನೋಡಲಿಲ್ಲ. ಹೋಟೆಲಿನಲ್ಲಿ ಅವ್ವ ರೊಟ್ಟಿ ಮುರಿದಳು, ತಿನ್ನಲಿಲ್ಲ. "ಬರಲಿಲ್ಲಂದ್ರ ಹೆಂಗs?" ಎಂದಳು. ಹಳ್ಳ ಬರಲಿ ಎಂದು ಬೇಡಿಕೊಳ್ಳುವುದೂ ಸರಿಯೆನಿಸಲಿಲ್ಲ, ಬಾರದಿರಲಿ ಎನ್ನುವುದೂ ಸರಿಯೆನಿಸಲಿಲ್ಲ.

ಬೆಳಿಗ್ಗೆ ಒಂದು ಮೋಡವೂ ಇರಲಿಲ್ಲ. ಬಿಸಿಲು ಚುರುಕಾಗಿತ್ತು, ಕಣ್ಣು ಬಿಡಲಾಗದಷ್ಟು ಬಿಳುಪು. ಹೋಟೆಲಿನ ಸೂರಿನಿಂದ ನೀರು ಸುರಿಯುತ್ತಿತ್ತು. ಒಂದು ಬಾಡಿಗೆ ಗಾಡಿ ಹಿಡಿದು ಹೊರಟೆವು. ಜಾಡು ಸೇರಿ ಹಳ್ಳ ಕಾಣಿಸಿದಾಗ ಮರಳು ಒಣಗಿಯೇ ಇತ್ತು. ನಾನು ಅವ್ವನ ಮುಖ ನೋಡುವ ಧೈರ್ಯ ಮಾಡಲಿಲ್ಲ. ಇನ್ನೊಂದು ತಿರುವು ದಾಟಿದೆವು. ಅಲ್ಲಿ ಚಾಲಕ ಬ್ರೇಕ್ ಹಾಕಿದ.

ಕೆಂಪು ನೀರು ನಮ್ಮ ಕಡೆಗೇ ಬರುತ್ತಿತ್ತು. ಎತ್ತರದ ಅಲೆಯೇನೂ ಅಲ್ಲ, ನೊರೆ, ಕಡ್ಡಿ, ಪ್ಲಾಸ್ಟಿಕ್ ಬಾಟಲಿಗಳನ್ನು ಮುಂದೆ ತಳ್ಳುತ್ತ, ಮನುಷ್ಯ ನಡೆಯುವ ವೇಗದಲ್ಲಿ. ಚಾಲಕ ಹಿಂದಕ್ಕೆ ತೆಗೆದು ದಂಡೆ ಹತ್ತಿಸಿದ. ಕೆಲವು ನಿಮಿಷಗಳಲ್ಲಿ ನಡೆಯುವ ವೇಗ ಓಡುವ ವೇಗವಾಯಿತು, ಕಲ್ಲುಗಳು ಒಂದಕ್ಕೊಂದು ಬಡಿಯುವ ಸದ್ದು ನೀರಿನ ಸದ್ದಿಗಿಂತ ಜೋರಾಯಿತು. ದಂಡೆಯ ಮೇಲೆಯೇ ಗಾಡಿ ಓಡಿಸಿಕೊಂಡು ಹೋದೆವು. ಹಟ್ಟಿ ಇದ್ದ ಜಾಗದಲ್ಲಿ ತಂತಿಬಲೆಯ ಒಂದು ತುದಿ ನೀರಿನಲ್ಲಿ ಕುಣಿಯುತ್ತಿತ್ತು. ಉಳಿದದ್ದು ಕಾಣಲಿಲ್ಲ.

ಎದುರು ದಂಡೆಯ ಬಂಡೆಯ ಮೇಲೆ ಹನುಮಪ್ಪ ನಿಂತಿದ್ದ. ನೀರಿನ ಆಚೆಯಿಂದ ಎರಡೂ ಕೈ ಬಾಯಿಗೆ ಹಿಡಿದು ಕೂಗಿದ: "ಅವ್ವಾರ! ನಿಮ್ಮ ಕ್ಯಾನಲ್ ಬಂತು ನೋಡ್ರೀ!"

ಅವ್ವ ಅಲ್ಲೇ ಒಂದು ಕಲ್ಲಿನ ಮೇಲೆ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮಧ್ಯಾಹ್ನದ ನಂತರ ನೀರು ಇಳಿದ ಮೇಲೆ ದಾಟಿದೆವು. ಅಷ್ಟರಲ್ಲಿ ಮಾಲಕನ ದೊಡ್ಡ ಗಾಡಿಯೂ ಬಂದಿತ್ತು. ಅಬೂ ಸಾಲಿಮ್ ಎಂದು ಕರೆಯುತ್ತಿದ್ದರು, ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಕುರಿಗಳ ನಡುವೆ ಓಡಾಡಿ ನೋಡಿದ. ಛಳಿಗೆ ಸತ್ತ ಮೂರು ಮರಿಗಳನ್ನು ಹನುಮಪ್ಪ ಗೋಣಿಯ ಮೇಲೆ ಸಾಲಾಗಿ ಮಲಗಿಸಿದ್ದ, ಬಚ್ಚಿಟ್ಟಿರಲಿಲ್ಲ. ಮಾಲಕ ಬಗ್ಗಿ ಅವುಗಳನ್ನು ನೋಡಿದ. ಆಮೇಲೆ ಏನೋ ಕೇಳಿದ. ರಾಜಾಸಾಬ ನಮಗೆ ಹೇಳಿದ: "ಇಲ್ಲಿಗೆ ತರಾಕ ಯಾರು ಹೇಳಿದ್ರು ಅಂತ ಕೇಳಾಕ ಹತ್ಯಾನ."

ಕೇಳಿದ ದನಿ ಸಿಟ್ಟಿನದೋ ಅಲ್ಲವೋ ನನಗೆ ತಿಳಿಯಲಿಲ್ಲ. ತಿಳಿಯದ ಭಾಷೆಯಲ್ಲಿ ಎಲ್ಲ ದನಿಯೂ ಸಿಟ್ಟಿನ ಹಾಗೇ ಕೇಳಿಸುತ್ತದೆ. ಹನುಮಪ್ಪ ಅವ್ವನ ಕಡೆ ನೋಡಿದ.

"ಹನುಮಪ್ಪನs ಹೇಳಿದ್ದು ಅನ್ನು," ಎಂದಳು ಅವ್ವ.

"ಅವ್ವಾ, ಮೂರು ಸತ್ತಾವು. ಅವನ ತಲಿ ಮ್ಯಾಲೆ ಬರತೈತಿ," ಎಂದ ರಾಜಾಸಾಬ.

"ಉಳದಾವಲ್ಲ, ಅವೂ ಅವನ ತಲಿ ಮ್ಯಾಲೆ ಬರ್ಲಿ. ನಾವು ಬ್ಯಾಡ ಬ್ಯಾಡ ಅಂದ್ವಿ, ಅವ ಕೇಳಲಿಲ್ಲ ಅನ್ನು. ಅನ್ನು, ನೋಡಾಕ ಹತ್ಯಾನ."

ರಾಜಾಸಾಬ ಹೇಳಿದ. ಮಾಲಕ ದಂಡೆಯ ಅಂಚಿಗೆ ಹೋಗಿ ಕೆಳಗೆ ನೋಡಿದ. ಹಟ್ಟಿ ಇದ್ದಲ್ಲಿ ಈಗ ನಯವಾದ ಕೆಸರು, ನಡುವೆ ತೆಳ್ಳಗೆ ಹರಿಯುವ ನೀರು. ವಾಪಸು ಬಂದು ಹನುಮಪ್ಪನ ಹೆಗಲಿಗೆ ಕೈ ಹಾಕಿ, ಎರಡೋ ಮೂರೋ ಮಾತು ಹೇಳಿ, ಗಾಡಿ ಹತ್ತಿದ.

ರಾಜಾಸಾಬ ನಮಗೆ ತಿಳಿಸುವ ಮೊದಲೇ ಹನುಮಪ್ಪ ಕುರಿಗಳ ನಡುವೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟಿದ್ದ. ಒಂದು ಕುರಿ ಅವನ ಕೊಪ್ಪೆಯ ಗೋಣಿಯನ್ನು ಕಚ್ಚಿ ಎಳೆಯುತ್ತಿತ್ತು. ಅದನ್ನು ಬೈಯಲಿಲ್ಲ. "ಮರಿ ಮೇವಿಗೆ ಬಾಯಿ ಹಾಕಿದ ಮ್ಯಾಲೆ ಹೋಗು ಅಂದಾನ," ಎಂದ, ತನಗೇ ಹೇಳಿಕೊಂಡಂತೆ. "ಒಂದೂವರೆ ತಿಂಗಳು. ಬೇರೆ ಮನಷ್ಯಾನ್ನ ಹುಡುಕತೀನಿ ಅಂದ."

ಹೊರಡುವಾಗ ಅವನು ನನ್ನನ್ನು ಕರೆದು, "ಮೇಡಮ್ಮಾರ, ಹಳ್ಳದ ಸುದ್ದಿ ಮನ್ಯಾಗ ಹೇಳಬ್ಯಾಡ್ರಿ. ಬೆಳತನಕ ಅಳ್ತಾಳ. ಹಿಮದ್ದಷ್ಟ ಹೇಳ್ರಿ," ಎಂದ. ಆಗಲಿ ಎಂದೆ.

ತಬೂಕಿನಲ್ಲಿ ಇನ್ನೆರಡು ದಿನ ಇದ್ದು, ಬಂದ ದಾರಿಯಲ್ಲೇ ಹಿಂದಿರುಗಿದೆವು. ಗಂಗಾವತಿಯಲ್ಲಿ ಬಸ್ಸಿಳಿದಾಗ ಬೆಳಗಿನ ಛಳಿಗೆ ಎಲ್ಲರೂ ಮಫ್ಲರ್ ಸುತ್ತಿಕೊಂಡಿದ್ದರು. ನಮಗೆ ಸೆಕೆಯಾಯಿತು.

ಮುಂದಿನ ಭಾನುವಾರ ಯಲಬುರ್ಗಾ ಬಸ್ಸು ಹಿಡಿದು ಗಂಗವ್ವನ ಊರಿಗೆ ಹೋದೆವು. ಜೋಳದ ರೊಟ್ಟಿ, ಹಿಂಡಿಪಲ್ಲೆ, ಮೊಸರು ಬಡಿಸಿದಳು. ಹಿಮದ್ದಷ್ಟೇ ಹೇಳಬೇಕೆಂದು ದಾರಿಯುದ್ದಕ್ಕೂ ಅವ್ವನಿಗೆ ನೆನಪಿಸಿದ್ದೆ. ಒಂದು ರೊಟ್ಟಿ ಮುಗಿಯುವುದರೊಳಗೆ ಅವಳು ಹಳ್ಳಕ್ಕೆ ಬಂದಿದ್ದಳು. ಆದರೆ ಕತೆ ಬೇರೆಯೇ ಆಗಿತ್ತು. ಅದರಲ್ಲಿ ಹನುಮಪ್ಪ ಬೆಟ್ಟ ನೋಡಿ ಎದ್ದು ನಿಲ್ಲುತ್ತಾನೆ, ಹಳ್ಳ ಬರತೈತಿ ಎನ್ನುತ್ತಾನೆ, ನಾವೆಲ್ಲ ನಗುತ್ತೇವೆ, ಅವನು ಒಬ್ಬನೇ ಮರಿಗಳನ್ನು ಹೊರುತ್ತಾನೆ.

ಗಂಗವ್ವ ಅಳಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. ಕೇಳಿ, "ಅವರಿಗೆ ಅಷ್ಟು ಬುದ್ಧಿ ಎಲ್ಲೈತ್ರಿ?" ಎಂದಳು. "ಮಳಿ ಬಂದ್ರ ಹೊರಗ ಹಾಕಿದ ಅರಿವಿ ತಗೀಬೇಕು ಅನ್ನೂದೂ ತಿಳಿಯೂದಿಲ್ಲ ಆ ಮನಷ್ಯಾಗ. ಖರೇ ಹೇಳ್ರಿ, ಯಾರು ಹೇಳಿದ್ರು?"

"ಅವನs," ಎಂದಳು ಅವ್ವ.

ಗಂಗವ್ವ ನನ್ನ ಕಡೆ ತಿರುಗಿದಳು. "ಮೇಡಮ್ಮಾರ, ನೀವು ಕಲತವರು. ನೀವರ ಖರೇ ಹೇಳ್ರಿ."

"ನನಗ ಸರಿಯಾಗಿ ನೆನಪಿಲ್ಲವ್ವ," ಎಂದೆ.

ಅವಳು ನಮ್ಮಿಬ್ಬರನ್ನೂ ನೋಡಿದಳು. "ಯಾರರ ಹೇಳಿರ್ಲಿ ಬಿಡ್ರಿ," ಎಂದು ನಕ್ಕಳು. "ಬರ್ತಾರಲ್ಲ." ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಆಮೇಲಿನ ರೊಟ್ಟಿಗಳನ್ನು ಬಡಿದ ಸದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ವಾಪಸು ಬರುವ ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ಊರು ದಾಟಿ ಕಡಲೆ ಹೊಲಗಳು ಶುರುವಾದವು. ಅವ್ವ ನಿದ್ದೆ ಹೋಗಿದ್ದಾಳೆಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡೇ ನನ್ನ ಮೊಣಕೈ ತಿವಿದಳು.

"ಬರಕೊಂಡಿ ಹೌದಿಲ್ಲೋ?"

"ಏನು?"

"ಹಳ್ಳದಾಗಿಂದ ಎಬ್ಬಿಸಿದ್ದು ನಾನು ಅಂತ."

ಬರೆದುಕೊಂಡಿದ್ದೇನೆ ಎಂದೆ.